ತಾತನ ಹಾರನ್ನು, ಅಜ್ಜಿಯ ಎಸರು

ಶಿರಾದ ಗುಜರಿ ಅಂಗಡಿಯಲ್ಲಿ ಇವತ್ತು ರಬ್ಬರ್ ಬುರುಡೆಯ ಹಳೇ ಹಾರನ್ ಒಂದು ಕಂಡಿತು. ನಮ್ಮ ತಾತ ಮಹಾರಾಜರ ಕಾಲದ ತನ್ನ ಲಾರಿಯಿಂದ ಅಂಥದ್ದನ್ನೇ ಬಿಚ್ಚಿ ಹೊಸ ವ್ಯಾನಿಗೆ ಹಾಕಿಕೊಂಡಿದ್ದ. ಹಾರನ್ನಿಗಿದ್ದ ಜೋರು ಬ್ರೇಕಿಗಿರಲಿಲ್ಲ ಚೂರು. ಊರ ತಿರುವಿನಲ್ಲಿ ಅದು ಕೂಗಿದರೆ ಅಜ್ಜಿ ಮುದ್ದೆಗೆ ಎಸರಿಡುತ್ತಿದ್ದಳು.

ತಾತ ತೀರಿಕೊಂಡ ಮೇಲೆ ಅಪ್ಪ ಆ ಹಾರನ್ನನ್ನು ಗೌಡಗೆರೆಯವರೊಬ್ಬರ ಪಿಕಪ್ಪಿಗೆ ಕೊಟ್ಟುಬಿಟ್ಟರು. ಆ ಗಾಡಿ ನಮ್ಮೂರ ಮೇಲೆ ಹೋದಾಗಲೆಲ್ಲ ಅಜ್ಜಿ ಎದ್ದು ಒಲೆ ಹಚ್ಚುತ್ತಿದ್ದಳು.

ಒಂದು ದಿನ ನಾನೇ ಹೇಳಿದೆ, "ಅಜ್ಜಿ, ಅದು ತಾತ ಅಲ್ಲ."

"ಗೊತ್ತು ಕಣ್ಲಾ," ಅಂದಳು ಒಲೆ ಊದುತ್ತಲೇ. "ಅದು ಕೂಗ್ದಾಗ ಸುಮ್ಕೆ ಕುಂತಿರೋದು ಹೆಂಗೆ?"

ಕೊನೆಕೊನೆಗೆ ನಮ್ಮನೆಯಲ್ಲಿ ಉಳಿದದ್ದು ಅಜ್ಜಿ, ನಾನು ಇಬ್ಬರೇ; ಈಗ ನಾನೊಬ್ಬನೇ. ಅನ್ನಕ್ಕೆ ನೀರಿಡುವಾಗ ಕೈ ಮಾತ್ರ ಇನ್ನೂ ಇಬ್ಬರ ಅಳತೆಯನ್ನೇ ಹಾಕುತ್ತದೆ.