ಹಾಸಿಗೆ ಡಾಕ್ಟರು ಕಂಪ್ಯೂಟರ್ ಕೊಂಡದ್ದು

ಬಸ್ ನಿಲ್ದಾಣದ ಎದುರಿನ ಹಾಸಿಗೆ ಮಳಿಗೆಯಲ್ಲಿ ಅವರು ಹಿರಿಯ ಮಾರಾಟಗಾರರು. ಜೊತೆಯವರು ಅವರಿಗೆ ಇಟ್ಟ ಹೆಸರು ಹಾಸಿಗೆ ಡಾಕ್ಟರು. ಮೊದಮೊದಲು ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಿದ್ದರು. ಅವರು ಅದನ್ನು ಕೇಳಿಸಿಕೊಂಡು, ಹೊಗಳಿಕೆಯೆಂದೇ ತಿಳಿದು ಉಬ್ಬಿಹೋದ ಮೇಲೆ ಎದುರಿಗೇ ಕರೆಯತೊಡಗಿದರು. ಮಳಿಗೆಯೊಳಗೆ ಕಾಲಿಟ್ಟವರ ನಡಿಗೆ ನೋಡಿಯೇ ಡಾಕ್ಟರು, "ಸೊಂಟ ಸ್ವಲ್ಪ ಎಡಕ್ಕೆ ವಾಲಿದೆಯಲ್ಲ ಸಾರ್, ಯಾವಾಗಿಂದ?" ಎಂದು ಕೇಳಿಬಿಡುತ್ತಿದ್ದರು. ಅಲ್ಲಿಯತನಕ ನೆಟ್ಟಗೆ ನಡೆದು ಬಂದ ಮನುಷ್ಯ ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದ.

ಆಮೇಲೆ ಚಿಕಿತ್ಸೆ. ಗಿರಾಕಿಯನ್ನು ಅಗ್ಗದ ಹಾಸಿಗೆಯ ಮೇಲೆ ಮಲಗಿಸಿ, ತಲೆಯ ಪಕ್ಕದಲ್ಲೇ ನಿಂತು, ಬೆನ್ನುಮೂಳೆ ಸವೆಯುವ ಬಗೆಯನ್ನು ಉಸಿರು ಬಿಡದೆ ವಿವರಿಸುತ್ತಿದ್ದರು. ಎಂಥ ಹಾಸಿಗೆಯಾದರೂ ಆ ಮಾತಿಗೆ ಕಲ್ಲುಬಂಡೆಯಾಗಬೇಕು. ನಂತರ ಒಳಗಿನ ಕೋಣೆಯ ದುಬಾರಿ ಹಾಸಿಗೆಗೆ ಕರೆದೊಯ್ದು, ದೀಪ ಮಂಕಾಗಿಸಿ, "ಮಲಗಿರಿ ಸಾರ್, ಈಗ ಬಂದೆ" ಎಂದು ಹೊರಟುಹೋಗುತ್ತಿದ್ದರು. ಡಾಕ್ಟರ ಬಾಯಿಂದ ಬಿಡುಗಡೆ ಸಿಕ್ಕ ಸುಖವನ್ನು ಗಿರಾಕಿ ಹಾಸಿಗೆಯ ಸುಖವೆಂದು ತಿಳಿದು, ಅದನ್ನೇ ಕೊಂಡು ಮನೆಗೆ ಹೋಗುತ್ತಿದ್ದ.

ಹೀಗೆ ಊರಿನ ಅರ್ಧ ಜನರನ್ನು ಮಲಗಿಸಿದ ಡಾಕ್ಟರಿಗೆ ಒಂದು ನಂಬಿಕೆ ಗಟ್ಟಿಯಾಗಿತ್ತು. ತಾನು ಯಾರಿಗೆ ಏನನ್ನು ಬೇಕಾದರೂ ಮಾರಬಲ್ಲೆ, ತನಗೆ ಮಾತ್ರ ಯಾರೂ ಏನನ್ನೂ ಮಾರಲಾರರು ಎಂಬುದೇ ಆ ನಂಬಿಕೆ.

ಅವರ ಹೆಂಡತಿ ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಕೈಬರಹದಲ್ಲಿ ತಂದುಕೊಟ್ಟ ಪ್ರಬಂಧಗಳು ಆಕೆಯ ಬೆರಳ ತುದಿಯಲ್ಲಿ ಅಚ್ಚುಕಟ್ಟಾಗುತ್ತಿದ್ದವು. ಇರುವೆ ಸಾಲಿನಂಥ ಅಕ್ಷರವನ್ನೂ ಆಕೆ ಓದಬಲ್ಲವಳು. ಅಂಗಡಿಯ ಒಡತಿಗೆ ಆಕೆಯ ಕೆಲಸದ ಮೇಲೆ ಭರವಸೆಯಿತ್ತು. ಒಂದು ದಿನ ಅಂಗಡಿ ಇಕ್ಕಟ್ಟಾದಾಗ, "ನಿಮ್ಮನೇಲಿ ಒಂದು ಕಂಪ್ಯೂಟರ್ ಇದ್ದಿದ್ರೆ ಕೆಲಸ ಅಲ್ಲಿಗೇ ಕಳಿಸ್ತಿದ್ದೆ, ನೀವು ಓಡಾಡೋದು ತಪ್ತಿತ್ತು" ಎಂದಳು.

ಆ ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಹೆಂಡತಿ ವಿಷಯ ತೆಗೆದಳು.

"ರೀ, ಮನೆಗೊಂದು ಕಂಪ್ಯೂಟರ್ ತಗೊಳ್ಳೋಣ. ಮೇಜಿನ ಮೇಲಿಡೋ ಡೆಸ್ಕ್‌ಟಾಪೇ ಸಾಕು. ಸ್ಕ್ರೀನ್ ದೊಡ್ಡದಿರ್ಲಿ, ಕೀಬೋರ್ಡ್ ಅಗಲವಾಗಿರ್ಲಿ. ಬೇರೇನೂ ಬೇಡ."

"ಹಾಗೆಲ್ಲ ದಿಢೀರ್ ಅಂತ ತೀರ್ಮಾನ ಮಾಡೋ ವಿಷಯ ಅಲ್ಲ ಇದು," ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಡೆಸ್ಕ್‌ಟಾಪಾ, ಲ್ಯಾಪ್‌ಟಾಪಾ? ಅದೇ ದೊಡ್ಡ ಪ್ರಶ್ನೆ. ವಿಚಾರಿಸ್ಬೇಕು."

"ಯಾರನ್ನ ವಿಚಾರಿಸ್ತೀರಿ? ಟೈಪ್ ಮಾಡೋಳು ನಾನಲ್ವಾ?"

"ನಿನಗೆ ಟೈಪ್ ಮಾಡೋದು ಗೊತ್ತು. ಕೊಳ್ಳೋದು ಗೊತ್ತಾ?"

ಅಲ್ಲಿಗೆ ಆ ವ್ಯವಹಾರದಲ್ಲಿ ಹೆಂಡತಿಯ ಪಾಲು ಮುಗಿಯಿತು. ಡಾಕ್ಟರ ವಿಚಾರಣೆ ಶುರುವಾಯಿತು.

ಅವರು ಕೇಳದ ಜನವಿಲ್ಲ. ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿಕೊಂಡು ಕೇಳಿದರು. ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತುಂಬ ಹತ್ತಿಯಿಟ್ಟುಕೊಂಡೇ ಕೇಳಿದರು. ಆ ವೈದ್ಯರು ನೋವು ಹೆಚ್ಚಾಯಿತೇನೋ ಎಂದು ಇನ್ನೊಂದು ಸೂಜಿ ಚುಚ್ಚಿದರು. ಮಳಿಗೆಯಲ್ಲಿ ಅಂಗಾತ ಮಲಗಿದ್ದ ಗಿರಾಕಿಗಳನ್ನೂ ಬಿಡಲಿಲ್ಲ. ಒಬ್ಬರು ಡೆಸ್ಕ್‌ಟಾಪ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಿಸಬಹುದು ಎಂದರು. ಇನ್ನೊಬ್ಬರು ಲ್ಯಾಪ್‌ಟಾಪಾದರೆ ಕರೆಂಟು ಹೋದರೂ ನಡೆಯುತ್ತದೆ ಎಂದರು. ಎಲ್ಲರ ಮಾತಿಗೂ ಡಾಕ್ಟರು ತಲೆದೂಗಿದರು. ಮನೆಗೆ ಬಂದು ಒಂದು ದಿನ ಡೆಸ್ಕ್‌ಟಾಪಿನ ಪರ, ಮರುದಿನ ಲ್ಯಾಪ್‌ಟಾಪಿನ ಪರ ಭಾಷಣ ಮಾಡಿದರು. ಹೆಂಡತಿ ಎರಡು ಭಾಷಣಗಳನ್ನೂ ಪಾತ್ರೆ ತೊಳೆಯುತ್ತಾ ಕೇಳಿ, ಬೆಳಿಗ್ಗೆ ಎದ್ದು ಅಡುಗೆ ಮುಗಿಸಿ, ಎಂದಿನಂತೆ ಜೆರಾಕ್ಸ್ ಅಂಗಡಿಗೆ ನಡೆದು ಹೋಗುತ್ತಿದ್ದಳು.

ಟೀವಿ ನೋಡುತ್ತಾ ಕೂತಿರುತ್ತಿದ್ದ ಡಾಕ್ಟರ ತಾಯಿಗೆ ಮಗನ ಗದ್ದಲದಲ್ಲಿ ಧಾರಾವಾಹಿಯ ಒಂದು ಮಾತೂ ಕೇಳಿಸದೆ ಸಾಕಾಗಿಹೋಗಿತ್ತು.

"ಏನೋ ಅದು, ಮಡಚೋದು ಅಂದ್ಯಲ್ಲ, ಮಡಚಿದ್ರೆ ಸದ್ದು ನಿಲ್ಲುತ್ತಾ?" ಎಂದು ಒಂದು ದಿನ ಕೇಳಿದರು.

"ನಿಲ್ಲುತ್ತಮ್ಮ. ಅದೇ ಲ್ಯಾಪ್‌ಟಾಪಿನ ಅನುಕೂಲ."

"ನಿನ್ನನ್ನೂ ಹಾಗೇ ಹೆತ್ತಿದ್ರೆ ಚೆನ್ನಾಗಿತ್ತು ಕಣೋ."

ಡಾಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತೂಗುಯ್ಯಾಲೆಯಂತಿದ್ದ ಅವರ ಮನಸ್ಸನ್ನು ಕೊನೆಗೆ ನಿಲ್ಲಿಸಿದವನು ಅವರ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ. ವಿಮೆ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಆತ ಮನೆಗೆ ಬಂದರೆ ಸೋಫಾದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, ತೆಳ್ಳನೆಯ ಬೆಳ್ಳಿಬಣ್ಣದ ಲ್ಯಾಪ್‌ಟಾಪನ್ನು ಒಂದೇ ಕೈಯಲ್ಲಿ ತೆರೆಯುತ್ತಿದ್ದ. ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಅವನು ಆಡುತ್ತಿದ್ದುದು ಇಸ್ಪೀಟು. ಆದರೆ ಎದುರು ಕೂತವರಿಗೆ ಲೋಕದ ಭಾರವೆಲ್ಲ ಅವನ ತೊಡೆಯ ಮೇಲಿದೆ ಎನಿಸಬೇಕು. ಡಾಕ್ಟರಿಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಒಂದು ದಿನ ಅವನು ಹೊರಟ ಮೇಲೆ ಗಂಭೀರವಾಗಿ, "ಎಲ್ಲಾ ಕೋನದಿಂದ ಯೋಚಿಸಿದೆ. ನಮ್ಮ ಮನೆಗೆ ಲ್ಯಾಪ್‌ಟಾಪೇ ಸರಿ" ಎಂದು ತೀರ್ಪು ಕೊಟ್ಟರು.

ಕಂಪ್ಯೂಟರ್ ಅಂಗಡಿಗೆ ಹೆಂಡತಿಯನ್ನೂ ಕರೆದುಕೊಂಡು ಹೋದರು. "ಬಾಯಿ ಬಿಡಬೇಡ. ಮಾರೋರ ಆಟ ಎಲ್ಲ ನನಗೆ ಗೊತ್ತು" ಎಂದು ದಾರಿಯಲ್ಲೇ ಎಚ್ಚರಿಸಿದ್ದರು. ಅಂಗಡಿಯಲ್ಲಿ ಹೆಂಡತಿ ನೇರವಾಗಿ ಡೆಸ್ಕ್‌ಟಾಪ್ ಇಟ್ಟಿದ್ದ ಮೇಜಿನ ಬಳಿ ಹೋಗಿ, ಕೀಬೋರ್ಡಿನ ಮೇಲೆ ಬೆರಳಿಟ್ಟು ಹಿತವೆನಿಸಿ ಅಲ್ಲೇ ನಿಂತಳು. ಮಾರುವ ಹೆಣ್ಣುಮಗಳು ಅದನ್ನು ನೋಡಿದಳು. ಡಾಕ್ಟರ ಎದೆಯುಬ್ಬಿಸಿದ ನಿಲುವನ್ನೂ ನೋಡಿದಳು. ಕಿಸೆ ಯಾರದೆಂದು ತಿಳಿಯಲು ಆಕೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬನ್ನಿ ಸಾರ್. ಯಾರು ಬಳಸೋದು?"

"ಮನೆಯವರೆಲ್ಲ. ಆದ್ರೆ ಆಯ್ಕೆ ನನ್ನದು. ನೋಡಮ್ಮಾ, ನಾನೂ ಮಾರಾಟದಲ್ಲೇ ಇರೋನು. ನನ್ನ ಹತ್ರ ಆಟ ನಡೆಯಲ್ಲ."

"ಅಯ್ಯೋ, ನಿಮ್ಮಂಥ ತಿಳಿದೋರ ಹತ್ರ ಎಲ್ಲಾದ್ರೂ ಉಂಟಾ ಸಾರ್?" ಆಕೆ ಒಂದು ಸಾದಾ ಲ್ಯಾಪ್‌ಟಾಪನ್ನು ಒಲ್ಲದ ಮನಸ್ಸಿನಿಂದ ಮುಂದಿಟ್ಟಳು. "ಇದು ಸಾಕು ಅಂದ್ರೆ ತಗೊಳ್ಳಿ, ನಾನು ಬೇಡ ಅನ್ನಲ್ಲ. ಎರಡು ವರ್ಷ ಆದ್ಮೇಲೆ ನಿಧಾನ ಆಯ್ತು, ನಿಂತೇಹೋಯ್ತು ಅಂತ ನನ್ನ ಬೈಕೋಬಾರದು, ಅಷ್ಟೇ."

ಡಾಕ್ಟರಿಗೆ ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. ಪರಿಚಯದ ಮಾತಾದ್ದರಿಂದ ನಿಜವೇ ಇರಬೇಕು ಎನಿಸಿತು. ಆಕೆ ಅವರನ್ನು ಒಳಗಿನ ಗಾಜಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಇಟ್ಟಿಗೆಯಷ್ಟು ದಪ್ಪದ, ಕಪ್ಪನೆಯ ಒಂದು ಲ್ಯಾಪ್‌ಟಾಪ್ ಕೆಂಪು ದೀಪ ಬೆಳಗಿಸಿಕೊಂಡು ಕೂತಿತ್ತು. ಕಾರಿನ ರೇಸು, ಬಂದೂಕಿನ ಕಾಳಗ ಮುಂತಾದ ಆಟಗಳಿಗೆಂದೇ ಮಾಡಿದ್ದು.

"ಕೂತ್ಕೊಳ್ಳಿ ಸಾರ್, ನಾನು ಈಗ ಬಂದೆ" ಎಂದು ಆಕೆ ಬಾಗಿಲೆಳೆದುಕೊಂಡು ಹೋದಳು.

ಆಕೆ ಮರಳಿದಾಗ ಡಾಕ್ಟರು ಪರದೆಯ ಮೇಲೆ ಒಂದು ಕಾರನ್ನು ಗೋಡೆಗೆ ಗುದ್ದಿಸಿ, ಇನ್ನೊಂದನ್ನು ಹತ್ತಿದ್ದರು. ಪ್ಯಾಕ್ ಮಾಡಲು ಹೇಳಿ ಹೊರಬಂದ ಅವರು ಹೆಂಡತಿಗೆ ಪಿಸುಗುಟ್ಟಿದರು: "ಪಾಪ, ಸಾದಾದನ್ನ ನನ್ನ ತಲೆಗೆ ಕಟ್ಟೋಕೆ ನೋಡಿದ್ಲು. ನಾನು ಬಿಡ್ತೀನಾ?"

ಹೆಂಡತಿ ಡೆಸ್ಕ್‌ಟಾಪಿನ ಕೀಬೋರ್ಡಿನಿಂದ ಬೆರಳು ತೆಗೆದಳು.

ಕೆಲಸ ಮನೆಗೆ ಬರತೊಡಗಿತು. ಲ್ಯಾಪ್‌ಟಾಪಿನ ಅಕ್ಷರಗಳು ಸಣ್ಣವು, ಕೀಲಿಗಳು ಒತ್ತೊತ್ತಾಗಿದ್ದವು. ಬಗ್ಗಿ ಬಗ್ಗಿ ಹೆಂಡತಿಯ ಕತ್ತು ಹಿಡಿದುಕೊಂಡಿತು. ಸ್ವಲ್ಪ ಹೊತ್ತು ಓಡಿದರೆ ಸಾಕು, ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗೊರಗುಟ್ಟುತ್ತಿತ್ತು. ಡಾಕ್ಟರ ತಾಯಿ ಟೀವಿಯ ಸದ್ದನ್ನು ಇನ್ನಷ್ಟು ಏರಿಸಿದರು.

ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಡಾಕ್ಟರಿಗಿರಲಿಲ್ಲ. ತಿದ್ದುವ ಉತ್ಸಾಹ ಮಾತ್ರ ಬೇಕಾದಷ್ಟಿತ್ತು. ಕತ್ತುನೋವಿಗೆಂದು ಬೇರೆ ಕೀಬೋರ್ಡ್ ತಂದರು. ಕಣ್ಣಿಗೆಂದು ದೊಡ್ಡ ಪರದೆ ತಂದರು. ಅದು ಬಂದ ಮೇಲೆ ಮೌಸು, ಬಿಸಿಯಾಗುತ್ತದೆಂದು ಕೆಳಗೆ ಫ್ಯಾನಿರುವ ಸ್ಟ್ಯಾಂಡು, ಇವೆಲ್ಲಕ್ಕೂ ಜಾಗ ಬೇಕಲ್ಲ, ಹಾಗಾಗಿ ಒಂದು ಮೇಜು. ವರ್ಷ ತುಂಬುವಷ್ಟರಲ್ಲಿ ಲ್ಯಾಪ್‌ಟಾಪ್ ವೈರುಗಳ ಪೊದೆಯೊಳಗೆ ಸಿಕ್ಕಿ, ಗೋಡೆಯ ಪ್ಲಗ್ಗಿಗೆ ಅಂಟಿಕೊಂಡು, ಅಲ್ಲಾಡದೆ ಕೂತಿತ್ತು. ಡೆಸ್ಕ್‌ಟಾಪ್ ಬೇಕು ಎಂದು ಹೆಂಡತಿ ಅಂದಿದ್ದಳು. ಡಾಕ್ಟರು ಅದನ್ನೇ ಬಿಡಿಬಿಡಿಯಾಗಿ, ದುಬಾರಿಯಾಗಿ, ತಮ್ಮ ಹಠ ಬಿಡದೆ ಕೊಂಡು ತಂದಿದ್ದರು.

ಒಂದು ಭಾನುವಾರ ಷಡ್ಡಕ ಸಂಸಾರ ಸಮೇತ ಬಂದ. ಮೂಲೆಯಲ್ಲಿ ಹೆಂಡತಿ ಟೈಪ್ ಮಾಡುತ್ತಿದ್ದಳು. ಎರೆಹುಳುಗಳ ಮೇಲೆ ಒಬ್ಬ ಹುಡುಗಿ ಬರೆದ ಪ್ರಬಂಧದ ದೊಡ್ಡ ಅಧ್ಯಾಯ. ಮರುದಿನವೇ ಕಾಲೇಜಿಗೆ ಒಪ್ಪಿಸಬೇಕಿತ್ತು. ಆ ಹುಡುಗಿಯ ಪೆನ್ ಡ್ರೈವಿನಲ್ಲೇ ಕೆಲಸ ನಡೆದಿತ್ತು. ತಂಗಿಯನ್ನು ಕಂಡು ಹೆಂಡತಿ, "ಕೂತಿರೇ, ಟೀ ಇಟ್ಟು ಬರ್ತೀನಿ" ಎಂದು ಎದ್ದು ಒಳಗೆ ಹೋದಳು.

ಷಡ್ಡಕ ಮೇಜಿನ ಮೇಲೆ ಕಣ್ಣಾಡಿಸಿದ.

"ಓಹೋ, ಡೆಸ್ಕ್‌ಟಾಪ್ ತಗೊಂಡ್ರಾ ಭಾವ? ಒಳ್ಳೇ ಕೆಲಸ ಮಾಡಿದ್ರಿ. ನಿಮ್ಮ ವಯಸ್ಸಿಗೆ ಇದೇ ಸರಿ."

ಡಾಕ್ಟರ ಮುಖ ಕೆಂಪೇರಿತು. "ಡೆಸ್ಕ್‌ಟಾಪಾ? ಇದು ಲ್ಯಾಪ್‌ಟಾಪು!"

"ಹೌದಾ? ಎಲ್ಲಿದೆ?"

"ಎಲ್ಲಿದೆ ಅಂದ್ರೆ? ನೋಡಿ ಇಲ್ಲಿ."

ಡಾಕ್ಟರು ಪೊದೆಯೊಳಗೆ ಕೈ ಹಾಕಿದರು. ಮೌಸು ಕಿತ್ತರು. ಕೀಬೋರ್ಡ್ ಕಿತ್ತರು. ಕೈಗೆ ಸಿಕ್ಕ ಪೆನ್ ಡ್ರೈವನ್ನೂ ಕಿತ್ತು ಬದಿಗೆಸೆದರು. ಕೊನೆಗೆ ಚಾರ್ಜರಿನ ವೈರು ಎಳೆದು, ಲ್ಯಾಪ್‌ಟಾಪನ್ನು ಷಡ್ಡಕನಂತೆಯೇ ಒಂದೇ ಕೈಯಲ್ಲಿ ಮೇಲೆತ್ತಲು ಹೋದರು. ಅದು ಒಂದೇ ಕೈಗೆ ಬಗ್ಗುವ ತೂಕವಾಗಿರಲಿಲ್ಲ. ಎರಡು ಕೈಯಲ್ಲಿ ತಬ್ಬಿ, "ಎಲ್ಲಿ ಬೇಕಾದ್ರೂ ಒಯ್ಯಬಹುದು!" ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಸದಾ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಕಾದು ಕಾದು ಬ್ಯಾಟರಿ ಎಂದೋ ಸತ್ತುಹೋಗಿತ್ತು. ಯಾರಿಗೂ ಸುದ್ದಿ ಮುಟ್ಟಿರಲಿಲ್ಲ.

ಟೀ ತಟ್ಟೆ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಪೆನ್ ಡ್ರೈವ್ ಎಲ್ಲಿ?"

ಸೋಫಾದ ಕೆಳಗೆ ಸಿಕ್ಕಿತು. ಎಲ್ಲವನ್ನೂ ಮತ್ತೆ ಜೋಡಿಸಿ ನೋಡಿದರೆ ಅಧ್ಯಾಯವಿದ್ದ ಕಡೆ ಚೌಕಾಕಾರದ ಚಿಹ್ನೆಗಳ ಸಾಲು ಮಾತ್ರ. ಒಂದು ಎರೆಹುಳವೂ ಉಳಿದಿರಲಿಲ್ಲ. ಷಡ್ಡಕ ಟೀಗೆ ಸಕ್ಕರೆ ಸರಿಯಾಗಿದೆ ಎಂದ. ಡಾಕ್ಟರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, "ಕಂಪನಿಯವರದೇ ತಪ್ಪು. ಇಷ್ಟು ಬೇಗ ಬ್ಯಾಟರಿ ಹೋಗಬಾರದು" ಎಂದರು.

ಹೆಂಡತಿ ಕೂಗಾಡಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು, ತಿರುಗಿ ಕೂಗಾಡಬಹುದಿತ್ತು. ಆಕೆ ಕೈಬರಹದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಅಂಗಡಿಯ ಒಡತಿಯ ಮನೆಗೆ ಹೋಗಿ ಬೀಗದ ಕೈ ಕೇಳಿ, ಮುಚ್ಚಿದ ಜೆರಾಕ್ಸ್ ಅಂಗಡಿಯನ್ನು ತೆಗೆಸಿದಳು. ಇಡೀ ಅಧ್ಯಾಯವನ್ನು ಮೊದಲಿನಿಂದ ಟೈಪ್ ಮಾಡಿದಳು. ಮನೆಯಲ್ಲಿ ಅತಿಥಿಗಳಿಗೆ ಅನ್ನ ಬಡಿಸಿದವರು ಡಾಕ್ಟರ ತಾಯಿ. ಮಗನ ತಟ್ಟೆಗೆ ಬಡಿಸುವಾಗ ಸೌಟು ಸ್ವಲ್ಪ ಜೋರಾಗಿಯೇ ಬಡಿಯಿತು. ಡಾಕ್ಟರು ಸಂಜೆ ಒಂದು ಸಲ ಜೆರಾಕ್ಸ್ ಅಂಗಡಿಯ ತನಕ ಹೋದರು. ಅರ್ಧ ಎತ್ತಿದ ಷಟರಿನ ಕೆಳಗಿಂದ ಹೆಂಡತಿಯ ಕಾಲುಗಳು ಕಂಡವು, ಕೀಲಿಗಳ ಸದ್ದು ಕೇಳಿಸಿತು. ಬಗ್ಗಿ ಒಳಗೆ ಹೋಗುವ ಧೈರ್ಯ ಬರಲಿಲ್ಲ. ರಸ್ತೆಯಾಚೆ ಸ್ವಲ್ಪ ಹೊತ್ತು ನಿಂತು, ಯಾರೋ ಪರಿಚಯದವರು ಬಂದಂತಾಗಿ, ಜಾಗ ಖಾಲಿ ಮಾಡಿದರು.

ಮರುವಾರ ಮನೆಗೆ ಒಂದು ಪೆಟ್ಟಿಗೆ ಬಂತು. ಹೆಂಡತಿ ತನ್ನ ದುಡಿಮೆಯಲ್ಲಿ ಒಂದು ಸಾದಾ ಡೆಸ್ಕ್‌ಟಾಪ್ ತರಿಸಿದ್ದಳು. ಯಾರನ್ನೂ ವಿಚಾರಿಸಿರಲಿಲ್ಲ. ಮೇಜಿನ ಮೇಲಿದ್ದ ಕಪ್ಪು ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎತ್ತಿ ಗಂಡನ ಹಾಸಿಗೆಯ ಮೇಲಿಟ್ಟಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಅವರ ತಾಯಿ, "ಏನೂ ಹೇಳ್ಬೇಡ, ಧಾರಾವಾಹಿ ಬರ್ತಿದೆ" ಎಂದರು.

ಕೆಲವು ದಿನ ಡಾಕ್ಟರು ಆ ಮೂಲೆಯತ್ತ ನೋಡಲೇ ಇಲ್ಲ. ಆಮೇಲೆ ಬ್ಯಾಟರಿಯ ಯೋಚನೆ ಶುರುವಾಯಿತು. ಕಂಪನಿಗೆ ಖಾರವಾಗಿ ಬರೆಯಬೇಕು. ಬರೆಯಲು ಕೂತರೆ ಕೆಂಪು ದೀಪದ ಯಂತ್ರ ಪ್ಲಗ್ಗಿಲ್ಲದೆ ಕಣ್ಣು ಬಿಡುವುದಿಲ್ಲ. ಪ್ಲಗ್ಗು ಇರುವ ಕಡೆ ಮೇಜಿಲ್ಲ. ಕೊನೆಗೆ ಹೆಂಡತಿಯ ಕುರ್ಚಿಯ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತರು.

"ಒಂದು ದೂರು ಬರೀಬೇಕಿತ್ತು. ಟೈಪ್ ಮಾಡ್ಕೊಡ್ತೀಯಾ?"

"ಇದೊಂದು ಮುಗೀಲಿ."

ಕಾದರು. ಅವರ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ಮಾನ್ಯರೇ, ಮಾರಾಟ ಕ್ಷೇತ್ರದಲ್ಲಿ ಸುದೀರ್ಘ ಅನುಭವ ಹೊಂದಿರುವ ನಾನು, ಎಲ್ಲಾ ಕೋನಗಳಿಂದಲೂ ಆಳವಾಗಿ ಪರಿಶೀಲಿಸಿ, ತಜ್ಞರೊಡನೆ ಸಮಾಲೋಚಿಸಿ..."

ಕೀಲಿಗಳು ಸ್ವಲ್ಪ ಹೊತ್ತು ಟಕಟಕ ಎಂದು ಸುಮ್ಮನಾದವು. ಡಾಕ್ಟರು ಇನ್ನೂ ತಜ್ಞರಲ್ಲೇ ಇದ್ದರು.

"ಆಯ್ತು," ಎಂದಳು ಹೆಂಡತಿ.

ಡಾಕ್ಟರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ದೊಡ್ಡ ಪರದೆಯ ಮೇಲೆ ದಪ್ಪಕ್ಷರದಲ್ಲಿ ಎರಡು ಸಾಲಿತ್ತು: ಬ್ಯಾಟರಿ ಹೋಗಿದೆ. ದಯವಿಟ್ಟು ಬದಲಾಯಿಸಿ ಕೊಡಿ.

"ಇಷ್ಟೇನಾ?"

"ಇಷ್ಟೇ ಇರೋದು" ಎಂದು ಆಕೆ ಮುಂದಿನ ಪ್ರಬಂಧದ ಹಾಳೆ ಎತ್ತಿಕೊಂಡಳು.