ಆರದ ಸೊಪ್ಪು

ಮೊನ್ನೆ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಬರುವ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟರು. ಮಳೆಯಲ್ಲಿ ಕುಯ್ದ ಸೊಪ್ಪು. ಗೋಣಿಯೊಳಗೆ ಬೆಚ್ಚಗಾಗಿ ಹಸಿ ವಾಸನೆ ಬಿಡುತ್ತಿತ್ತು. ಪಕ್ಕದಲ್ಲಿದ್ದವರಿಗೆ ಅದು ಬರೀ ಸೊಪ್ಪಿನ ವಾಸನೆ. ನನಗೆ ಮಾತ್ರ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ, ಮುಖ ಬಿಸಿಯಾಯಿತು. ನನ್ನ ಕಳ್ಳತನವನ್ನು ಯಾರೋ ಕಂಡುಹಿಡಿದಂತೆ ಕಿಟಕಿಯ ಕಡೆ ತಿರುಗಿ ಕೂತೆ. ಹೇಳಿಕೊಳ್ಳುವಂಥ ಕಥೆಯಲ್ಲ. ಆದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರಿಂದ ಏನೂ ಹಗುರವಾಗಲಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಕೆಂಚಾರ್ಲಹಳ್ಳಿಯಲ್ಲಿ ನಮ್ಮದು ರೇಷ್ಮೆಹುಳ ಸಾಕುವ ಮನೆ. ಈಗ ಅಲ್ಲಿ ಗೋಡೆಯೂ ಉಳಿದಿಲ್ಲ. ಆಗ ಮನೆಯ ಅರ್ಧ ಭಾಗ ಹುಳುವಿನದು, ಉಳಿದ ಅರ್ಧದಲ್ಲಿ ನಾವು. ಹುಳುವಿನ ಕೋಣೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಒಗ್ಗರಣೆಯ ಘಾಟು ಅತ್ತ ಸುಳಿಯುವಂತಿಲ್ಲ, ಮುಟ್ಟಾದ ಹೆಂಗಸರು ಹೊಸ್ತಿಲನ್ನೂ ದಾಟುವಂತಿಲ್ಲ. ಸ್ಕೂಲಿಗೆ ದಸರಾ ರಜೆ, ಬೇಸಿಗೆ ರಜೆ ಎಂದಿದ್ದರೆ ನಮ್ಮ ಮನೆಗೆ ಇದ್ದದ್ದು ಹುಳು ಕೊಟ್ಟ ರಜೆ ಒಂದೇ. ಗೂಡು ಬಿಡಿಸಿ ಮಾರಿ, ಬಿದಿರಿನ ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟ ಆ ನಾಲ್ಕು ದಿನಗಳಲ್ಲಿ ಅಪ್ಪ ಎಲ್ಲರನ್ನೂ ಬಸ್ಸು ಹತ್ತಿಸಿ ಕೈವಾರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬುತ್ತಿಗೆ ಚಿತ್ರಾನ್ನ, ಮರದ ನೆರಳು, ಅಮ್ಮನಿಗೆ ಅರ್ಧ ಗಂಟೆ ನಿದ್ದೆ. ನಮ್ಮ ಪ್ರವಾಸವೆಂದರೆ ಅಷ್ಟೇ. ಆ ನಿದ್ದೆಯಲ್ಲಿ ಅಮ್ಮನ ಮುಖ ಎಷ್ಟು ಚಿಕ್ಕದಾಗಿ ಕಾಣುತ್ತಿತ್ತೆಂದರೆ ನನಗೆ ಅವಳನ್ನು ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ.

ಮನೆಯಲ್ಲಿ ನಾಗತ್ತೆ ಇದ್ದಳು, ಅಪ್ಪನ ತಂಗಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದವಳು. ಹುಳುವಿನ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹುಳು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಯಲ್ಲಿ ಸೊಪ್ಪು ಮುಗಿಯಿತೆಂದು ಹೇಳುತ್ತಿದ್ದಳು. ಅವಳಿಗಿದ್ದ ಇನ್ನೊಂದು ಹುಚ್ಚು ಸಿನಿಮಾ. ಹತ್ತಿರದ ಊರಿಗೆ ಟೆಂಟ್ ಸಿನಿಮಾ ಬಂತೆಂದರೆ ನನ್ನ ಕೈ ಹಿಡಿದು ಎಲ್ಲರಿಗಿಂತ ಮುಂದೆ ಮರಳಿನ ಮೇಲೆ ಕೂರುತ್ತಿದ್ದಳು. ಕನ್ನಡವೋ ತೆಲುಗೋ, ಅವಳಿಗೆ ಎರಡೂ ಒಂದೇ, ಅಳುವುದಕ್ಕೆ ಭಾಷೆ ಬೇಕಾಗಿರಲಿಲ್ಲ. ಮಾರನೆಯ ದಿನ ಸೊಪ್ಪು ಹಾಕುತ್ತಾ ಅಮ್ಮನಿಗೆ ಅದೇ ಕಥೆ ಹೇಳುವಾಗ ಕೊನೆಯನ್ನು ಬದಲಾಯಿಸುತ್ತಿದ್ದಳು. ಬಿಟ್ಟುಹೋದ ಗಂಡ ವಾಪಸ್ಸು ಬಂದು ಕಾಲು ಹಿಡಿಯುತ್ತಿದ್ದ. "ಹಂಗಿರಲಿಲ್ಲ ಅತ್ತೆ" ಎಂದು ನಾನು ತಿದ್ದಿದರೆ, "ನೀ ಸುಮ್ನಿರೇ ತಲ್ಲಿ, ನಂಗೆ ಕಂಡಿದ್ದು ನಾ ಹೇಳ್ತೀನಿ" ಎಂದು ತೆಲುಗು ಬೆರೆಸಿ ಮುದ್ದಿನಿಂದ ಗದರುತ್ತಿದ್ದಳು. ಅಮ್ಮನೂ ನಗುತ್ತಿದ್ದಳು. ಅತ್ತಿಗೆ ನಾದಿನಿಯರು ಅಷ್ಟು ಹೊಂದಿಕೊಂಡಿದ್ದ ಮನೆ ಊರಲ್ಲಿ ಇನ್ನೊಂದಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ದಿನಾ ಬಸ್ಸಿನಲ್ಲಿ ಚಿಂತಾಮಣಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ಪೇಟೆಯ ಹುಡುಗಿಯರು ನನ್ನ ಪಕ್ಕ ಕೂರುವಾಗ ಮೂಗಿಗೆ ಜಡೆಯ ತುದಿ ಹಿಡಿಯುತ್ತಿದ್ದರು. "ಹುಳದೋಳು ಬಂದ್ಲು ಕಣ್ರೇ" ಎನ್ನುತ್ತಿದ್ದರು. ಆ ವರ್ಷ ನಂದಿಬೆಟ್ಟಕ್ಕೆ ಸ್ಕೂಲಿನ ಪ್ರವಾಸ ಎಂದಾಗ ಅವರ ಜೊತೆ ಒಂದು ದಿನವಾದರೂ ಅವರಂತೆಯೇ ಇರಬೇಕೆಂದು ನನಗೆ ಹುಚ್ಚು ಹಿಡಿಯಿತು. ಅಪ್ಪ ಒಪ್ಪಲಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಬಕಾಸುರನಂತೆ ಮೇಯುವ ಹೊತ್ತು, ಒಂದು ಕೈಯೂ ಬಿಡುವಂತಿರಲಿಲ್ಲ. ನಾಗತ್ತೆ ಅಡ್ಡ ಬಂದಳು. "ಹೋಗ್ಲಿ ಬಿಡಣ್ಣ, ಅವಳ ಪಾಲಿಂದೂ ನಾನೇ ಮಾಡ್ತೀನಿ" ಎಂದಳು. ಅಪ್ಪ ಒಂದೇ ಷರತ್ತು ಹಾಕಿದರು. ಹೊರಡುವ ಮುಂಚೆ ಸಂಜೆಯ ಸೊಪ್ಪು ಸಿದ್ಧಮಾಡಿಟ್ಟು ಹೋಗಬೇಕು.

ಪ್ರವಾಸದ ಹಿಂದಿನ ಸಂಜೆಯೇ ನಾನು ಚಿಂತಾಮಣಿಗೆ ಹೋಗಿ ಗೆಳತಿಯ ಮನೆಯಲ್ಲಿ ಮಲಗಬೇಕಿತ್ತು. ನಾಲ್ಕು ಗಂಟೆಗೆ ಬಸ್ಸು. ಅವತ್ತು ಮಧ್ಯಾಹ್ನವೇ ಮಳೆ ಬಂತು. ಅಪ್ಪ ಮಳೆಯಲ್ಲೇ ಸೊಪ್ಪು ಕುಯ್ದು ತಂದು ಜಗುಲಿಯಲ್ಲಿ ಸುರಿದು ಮತ್ತೆ ತೋಟಕ್ಕೆ ಹೋದರು. ನೀರಿರುವ ಸೊಪ್ಪು ತಿಂದ ಹುಳು ಸಪ್ಪೆ ರೋಗ ಬಂದು ಸಾಯುತ್ತದೆಂದು ನಮ್ಮೂರಿನ ಐದು ವರ್ಷದ ಮಗುವಿಗೂ ಗೊತ್ತು. ಗೋಣಿಯ ಮೇಲೆ ತೆಳ್ಳಗೆ ಹರಡಿ, ಮತ್ತೆ ಮತ್ತೆ ಮಗುಚಿ, ಆರಿದ ಮೇಲೆಯೇ ಬುಟ್ಟಿಗೆ ತುಂಬಬೇಕು. ನಾನು ಎರಡು ಸಲ ಮಗುಚಿದೆ, ಮೋಡ ತುಂಬಿದ ಆಕಾಶ ನೋಡಿದೆ, ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಒದ್ದೆ ಸೊಪ್ಪನ್ನು ಬುಟ್ಟಿಯ ತಳಕ್ಕೆ ತುರುಕಿ, ಬೆಳಗಿನ ಒಣ ಸೊಪ್ಪು ಉಳಿದಿದ್ದನ್ನು ಮೇಲೆ ಹರಡಿದೆ. "ಆರಿತೇನೇ?" ಎಂದು ನಾಗತ್ತೆ ಒಳಗಿನಿಂದ ಕೇಳಿದಳು. "ಆರಿದೆ ಅತ್ತೆ" ಎಂದು ಕೂಗಿ ಓಡಿದೆ.

ಬೆಟ್ಟದ ಮೇಲೆ ಮೋಡ ನಮ್ಮ ಕೆಳಗಿತ್ತು. ಜಡೆಯಿಂದ ಮೂಗು ಮುಚ್ಚುತ್ತಿದ್ದವರೇ ನನ್ನ ಹೆಗಲ ಮೇಲೆ ಕೈ ಹಾಕಿ ನಡೆದರು, ಪುಳಿಯೋಗರೆ ಹಂಚಿಕೊಂಡರು, ನೋಡಿದ ಸಿನಿಮಾಗಳ ಮಾತಾಡಿದರು. ನಾನೂ ನಾಗತ್ತೆಯ ತರಹ ಕೊನೆ ಬದಲಾಯಿಸಿ ಒಂದು ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ಆ ಇಡೀ ದಿನ ಒಮ್ಮೆಯೂ ಬುಟ್ಟಿಯ ತಳದ ಸೊಪ್ಪು ನೆನಪಾಗಲಿಲ್ಲ. ನೆನಪಾಗಿ ಒದ್ದಾಡಿದ್ದರೆ ನನ್ನನ್ನು ನಾನು ಸ್ವಲ್ಪವಾದರೂ ಕ್ಷಮಿಸಿಕೊಳ್ಳುತ್ತಿದ್ದೆನೇನೋ. ನಾನು ಅವತ್ತು ತುಂಬಾ ಸಂತೋಷವಾಗಿದ್ದೆ.

ಮನೆಗೆ ಬಂದಾಗ ಹುಳು ಮೇವು ಬಿಟ್ಟಿದ್ದವು. ಮಾರನೆಯ ದಿನ ಮೈ ಮೆತ್ತಗಾಗಿ ನಾರತೊಡಗಿದವು. ಅಪ್ಪ ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಸುರಿದರು, ಊಟ ಮಾಡಲಿಲ್ಲ. ಅದೇ ದಿನ ನಾಗತ್ತೆ ಮುಟ್ಟಾಗಿ ಹೊರಗೆ ಕೂತಳು. ಅಮ್ಮ ಅವಳನ್ನೂ ಗುಂಡಿಯನ್ನೂ ನೋಡಿದಳು. ಅಮ್ಮ ಕೆಟ್ಟವಳಲ್ಲ. ಆದರೆ ಹುಳು ಸತ್ತ ಮನೆಯಲ್ಲಿ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಮೈಲಿಗೆಯನ್ನೇ. "ನಿಜ ಹೇಳು ನಾಗಮ್ಮ, ಮೊನ್ನೇನೇ ಆಗಿದ್ದೆ ತಾನೆ? ಈ ಹುಡುಗಿ ಕೆಲ್ಸ ಒಪ್ಕೊಂಡಿದ್ದಕ್ಕೆ ಮುಚ್ಚಿಟ್ಕೊಂಡು ಒಳಗೆ ಬಂದೆ ತಾನೆ?"

"ದೇವರಾಣೆ ಇಲ್ಲ ಅತ್ತಿಗೆ" ಎಂದಳು ನಾಗತ್ತೆ.

ಅಪ್ಪ ನನ್ನ ಕಡೆ ತಿರುಗಿದರು. "ನೀನಿಟ್ಟ ಸೊಪ್ಪು ಆರಿತ್ತೇನಮ್ಮ?"

"ಆರಿತ್ತಪ್ಪ."

ಎಷ್ಟು ಸಲೀಸಾಗಿ ಬಂತು ಆ ಮಾತು! ಅಪ್ಪ ನಂಬಿದರು, ಓದುವ ಮಗಳು ಸುಳ್ಳು ಹೇಳುವುದಿಲ್ಲವೆಂದು ಅವರಿಗೆ ನಂಬಿಕೆ. ನಾಗತ್ತೆ ನನ್ನನ್ನೊಮ್ಮೆ ನೋಡಿದಳು. ಮತ್ತೆಂದೂ ಅವಳನ್ನು ಹುಳುವಿನ ಕೋಣೆಗೆ ಸೇರಿಸಲಿಲ್ಲ. ಸೊಪ್ಪು ಹಾಕುವ ಹೊತ್ತಿಗೆ ಅವಳು ಹಿತ್ತಲಲ್ಲಿ ಸುಮ್ಮನೆ ಪಾತ್ರೆ ಉಜ್ಜುತ್ತಾ ಕೂರುತ್ತಿದ್ದಳು. ಸಿನಿಮಾ ಕಥೆಗಳೂ ನಿಂತವು. ಎರಡು ತಿಂಗಳಿಗೆ ಗೌರಿಬಿದನೂರಿನ ದೂರದ ನೆಂಟರ ಮನೆಯಲ್ಲಿ ಅಡುಗೆಗೆ ಜನ ಬೇಕೆಂದು ತಿಳಿದು ಅಪ್ಪ ಅವಳನ್ನು ಅಲ್ಲಿಗೆ ಕಳಿಸಿದರು. ಅವಳು ಹೊರಡುವ ದಿನ ನಾನು ಬೇಕೆಂದೇ ಒಂದು ಬಸ್ಸು ಮೊದಲೇ ಸ್ಕೂಲಿಗೆ ಹೊರಟುಹೋದೆ.

ನಾನು ಓದಿ ಟೀಚರ್ ಕೆಲಸ ಹಿಡಿದೆ. ಎಷ್ಟೋ ಶಾಲೆಯ ಪ್ರವಾಸಗಳಿಗೆ ಮಕ್ಕಳನ್ನು ಕರೆದುಕೊಂಡು ಹೋದೆ, ನಂದಿಬೆಟ್ಟವನ್ನು ಮಾತ್ರ ಏನಾದರೂ ನೆಪ ಹೇಳಿ ತಪ್ಪಿಸಿದೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ, ಇನ್ನು ಹೆದರಲು ಯಾರೂ ಇಲ್ಲದಿದ್ದಾಗ, ಗೌರಿಬಿದನೂರಿಗೆ ಹೋದೆ. ಧೈರ್ಯವೂ ನನಗೆ ಹಾಗೆ ತಡವಾಗಿಯೇ ಬಂದದ್ದು. ನಾಗತ್ತೆಗೆ ಹಲ್ಲು ಉದುರಿತ್ತು, ಕಣ್ಣು ಮಂಜಾಗಿತ್ತು. ಬೇರೆಯವರ ಅಡುಗೆಮನೆಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳ ಪಕ್ಕ ಕೂತು, ಕಾಯಿ ಸುಲಿಯುತ್ತಲೇ, ತಲೆ ಎತ್ತದೆ ಎಲ್ಲವನ್ನೂ ಹೇಳಿದೆ.

"ಗೊತ್ತು ಕಣೇ" ಎಂದಳು. "ಬುಟ್ಟಿಗೆ ಕೈ ಹಾಕ್ದಾಗ್ಲೇ ಗೊತ್ತಾಯ್ತು. ಬೇರೆ ಸೊಪ್ಪಿರಲಿಲ್ಲ, ಹುಳು ಹಸ್ಕೊಂಡಿದ್ವು. ಒಂದೊಂದೇ ಎಲೆ ಸೆರಗಲ್ಲಿ ಒರೆಸಿ ಒರೆಸಿ ಹಾಕ್ದೆ. ಸಾಲಲಿಲ್ಲ."

"ಅಪ್ಪಂಗೆ ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ನಿನ್ನ ಸ್ಕೂಲು ಬಿಡಿಸ್ತಿದ್ದ. ನಮ್ಮಣ್ಣ ನಂಗೆ ಗೊತ್ತಿಲ್ವಾ?" ಕಾಯಿಯ ಸಿಪ್ಪೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. "ಅವನಿಗೆ ಹೇಳೋದು ಬೇಡವಾಗಿತ್ತು. ನಂಗೊಬ್ಬಳಿಗೆ ಬಂದು ಹೇಳ್ತೀಯ ಅಂತ ಮೂರು ದಿನ ಹೊರಗೆ ಕೂತು ಕಾದೆ, ಅಮ್ಮಯ್ಯ. ನೀನು ಆ ಕಡೆ ಬರಲೇ ಇಲ್ಲ."

ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಊಟ ಮಾಡಿಕೊಂಡು ಹೋಗು ಎಂದು ಎದ್ದು ತಟ್ಟೆ ಹುಡುಕತೊಡಗಿದಳು. ಆ ಮೂರು ದಿನ ನಾನು ಅವಳನ್ನು ಸುತ್ತುಬಳಸಿ, ಹಿತ್ತಲ ಬಾಗಿಲಿನಿಂದ ಓಡಾಡಿದ್ದೆ. ಹೊರಗೆ ಕೂತವರನ್ನು ಮುಟ್ಟಬಾರದೆಂದು ನಮ್ಮ ಮನೆಯಲ್ಲಿ ನಿಯಮವಿತ್ತು. ಮಾತಾಡಿಸಬಾರದೆಂದು ಯಾರೂ ಹೇಳಿರಲಿಲ್ಲ.