ಪರದೆಯ ಹಿಂದೆ ಕೂತವರು

ನಾನು ಸಿನಿಮಾಕ್ಕೆ ಹೋಗುತ್ತಿದ್ದುದು ಸಿನಿಮಾ ನೋಡಲಿಕ್ಕಲ್ಲ ಎಂದರೆ ನೀವು ನಗಬಹುದು. ಹೊಸನಗರದ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ಹೊಸತು. ಬಯಲುಸೀಮೆಯವನು, ಬ್ರಹ್ಮಚಾರಿ, ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಶಾಲೆಯ ಬಾಗಿಲು ಹಾಕಿದರೆ ಮರುದಿನ ಹಾಜರಿ ಕೂಗುವವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಸಿನಿಮಾದಲ್ಲಾದರೆ ಪಕ್ಕದಲ್ಲಿ ಯಾರಾದರೂ ಕೂತಿರುತ್ತಾರೆ. ಮಾತಾಡುವುದೂ ಬೇಡ, ಅವರು ಕೆಮ್ಮಿದರೆ ಸಾಕಿತ್ತು.

ಚೀನಾ ಯುದ್ಧ ಮುಗಿದ ಮೇಲೆ ಸರ್ಕಾರದ ಪ್ರಚಾರದ ವ್ಯಾನು ಒಂದು ಯುದ್ಧದ ಚಿತ್ರವನ್ನು ತಂದಿತು. ನಿಜವಾಗಿ ನಡೆದದ್ದನ್ನೇ ತೆಗೆದಿದ್ದಾರೆ, ಹಾಡಿಲ್ಲ, ಕುಣಿತವಿಲ್ಲ, ಸಿಪಾಯಿಗಳ ಪಾತ್ರಕ್ಕೆ ಸಿಪಾಯಿಗಳನ್ನೇ ನಿಲ್ಲಿಸಿದ್ದಾರೆ ಎಂದು ಮೈಕಿನಲ್ಲಿ ಸಾರಿದರು. ಹಿಮದ ನಡುವೆ ಒಂದು ಠಾಣೆ, ಅದನ್ನು ಬಿಟ್ಟುಕೊಡದ ಹತ್ತಾರು ಜನ, ನಡುನಡುವೆ ಹಿಂದಿಯಲ್ಲಿ ವಿವರಿಸುವ ಗಡಸು ದನಿ. ಹಿಂದಿ ಬಲ್ಲವನು, ಎಲ್ಲಿ ಕೂತರೂ ಅರ್ಥವಾಗುತ್ತದೆ ಎಂಬ ಜಂಬದಿಂದ ನಿಧಾನವಾಗಿ ಹೋದೆ. ಅಷ್ಟರಲ್ಲಿ ಶಾಲೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಹಿಂದೆ ಹೋಗಿ ಕೂತೆ.

ಅದೇನು ಅವಮಾನವಲ್ಲ. ಬಟ್ಟೆಯ ಪರದೆ, ಚಿತ್ರ ಎರಡೂ ಕಡೆ ಮೂಡುತ್ತದೆ, ಎಡಬಲ ಮಾತ್ರ ಅದಲುಬದಲು. ಯಕ್ಷಗಾನದಲ್ಲೂ ನನಗೆ ರಂಗಸ್ಥಳಕ್ಕಿಂತ ಹಿಂದೆ ವೇಷ ಕಟ್ಟುವ ಚೌಕಿಯೇ ಇಷ್ಟ. ಮೂರು ಲೋಕ ನಡುಗಿಸಿ ಬಂದ ರಾಕ್ಷಸ ಅಲ್ಲಿ ಬೀಡಿಗೆ ಬೆಂಕಿ ಕೇಳುತ್ತಾನೆ. ಹಿಂದಿನಿಂದ ನೋಡಿದವರಿಗೆ ಲೋಕದ ಭಯ ಕಡಿಮೆ ಎಂಬುದು ನನ್ನ ಸಿದ್ಧಾಂತ. ಅದನ್ನು ಕೇಳುವವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಪಕ್ಕದಲ್ಲಿ ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ಮಾರುವ ದೇವಕ್ಕ ಕೂತಿದ್ದರು. ಅವರ ಒಬ್ಬನೇ ಮಗ ತಿಮ್ಮ ಸೈನ್ಯ ಸೇರಿದ್ದ. ಯುದ್ಧದಲ್ಲಿ ಕಾಣೆಯಾಗಿದ್ದಾನೆ ಎಂದು ತಂತಿ ಬಂದದ್ದೇ ಕೊನೆ. ಸತ್ತ ಎಂದೂ ಇಲ್ಲ, ಇದ್ದಾನೆ ಎಂದೂ ಇಲ್ಲ. ಪರದೆಯ ಮೇಲೆ ಸಿಪಾಯಿಗಳು ಬೆಂಕಿಯ ಸುತ್ತ ಉಣ್ಣಲು ಕೂತರು. ಕಂಬಳಿ ಹೊದ್ದ ಒಬ್ಬ, ಮುಖ ಸರಿಯಾಗಿ ಕಾಣದವನು, ರೊಟ್ಟಿ ಮುರಿದು ಬಾಯಿಗಿಟ್ಟ. ದೇವಕ್ಕ ನನ್ನ ಅಂಗಿಯ ತೋಳು ಜಗ್ಗಿದರು.

"ಮೇಷ್ಟ್ರೇ, ನಮ್ ತಿಮ್ಮ! ಎಡಗೈಲಿ ಉಣ್ತಿದಾನೆ ನೋಡಿ!"

ತಿಮ್ಮ ಎಡಚನೆಂಬುದು ಊರಿಗೇ ಗೊತ್ತಿತ್ತು. ಈ ಕಡೆಯಿಂದ ನೋಡಿದರೆ ಎಲ್ಲರೂ ಎಡಚರೇ ಎಂದು ವಿವರಿಸಲು ನಾಲಿಗೆ ತುರಿಸಿತು. ಕನ್ನಡಿಯ ಪಾಠವನ್ನು ಅಂದೇ ಬೆಳಿಗ್ಗೆ ಮಾಡಿದ್ದೆ. ಆದರೆ ದೇವಕ್ಕನ ಮುಖ ನೋಡಿ ಪಾಠವನ್ನು ನುಂಗಿಕೊಂಡೆ. ರೀಲು ಬದಲಿಸುವಾಗ ದೇವಕ್ಕ ಎದ್ದು ಹೋದವರು ಚಿತ್ರ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಬಂದರು. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡೆ.

ಮರುದಿನ ವ್ಯಾನು ತೀರ್ಥಹಳ್ಳಿಗೆ ಹೋಯಿತು. ದೇವಕ್ಕ ಅಂಗಡಿ ಮುಚ್ಚಿ ಬಸ್ಸು ಹತ್ತಿದರು. ಭಾನುವಾರ, ನನಗೂ ಬೇರೆ ಕೆಲಸವಿರಲಿಲ್ಲ, ನಾನೂ ಹತ್ತಿದೆ. ಸುಳ್ಳು ಆಸೆ ಬೇರು ಬಿಡುವ ಮೊದಲೇ ಕಿತ್ತುಬಿಡಬೇಕು ಎಂಬ ಮೇಷ್ಟ್ರ ಬುದ್ಧಿ ಬೇರೆ. ಬೇಗ ಹೋಗಿ ಪರದೆಯ ಮುಂದೆಯೇ ಜಾಗ ಹಿಡಿದು ಕರೆದೆ.

"ಬನ್ನಿ ದೇವಕ್ಕ, ಇಲ್ಲಿ ಸರಿಯಾಗಿ ಕಾಣುತ್ತೆ."

"ಬೇಡ ಮೇಷ್ಟ್ರೇ. ನಿನ್ನೆ ರೀಲು ಬದಲಿಸಿದ್ಮೇಲೆ ಮುಂದೆ ನಿಂತು ನೋಡ್ಬಂದೆ. ಆ ಕಡೆ ಎಲ್ರೂ ಬಲಗೈಯವ್ರೇ."

"ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?"

"ಸಣ್ಣವ ಇದ್ದಾಗ ಎಡಗೈಲಿ ಉಂಡ ಅಂತ ಸೌಟಲ್ಲಿ ಹೊಡೀತಿದ್ದೆ. ಹಿಂದೆ ಕೂತ್ರೆ ಎಲ್ರೂ ಅವನ ಹಂಗೇ, ಹೊಡೆಯೋರು ಯಾರೂ ಇಲ್ಲ. ಇನ್ನೊಂದ್ಸಲ ಉಣ್ಲಿ, ನೋಡ್ತೀನಿ."

ಹಿಡಿದ ಜಾಗ ಬಿಟ್ಟು ಅವರ ಜೊತೆ ಹಿಂದೆ ಹೋಗಿ ಕೂತೆ. ಆ ದೃಶ್ಯ ಬಂದಾಗ ದೇವಕ್ಕ ಮೆಲ್ಲಗೆ "ಉಣ್ಣು" ಎಂದರು. ನನಗೆ ಅಳು ಬಂತು. ತಿಮ್ಮನಿಗಾಗಿಯೋ, ಹಾಗೆ ಹೇಳುವವರಿಲ್ಲದ ನನಗಾಗಿಯೋ ತಿಳಿಯಲಿಲ್ಲ.

ಚಿತ್ರದ ಹೆಸರು ಮರೆತಿದೆ. ಎರಡು ಸಲವೂ ತಿರುಗುಮುರುಗಾಗಿಯೇ ಓದಿದ್ದಲ್ಲವೆ? ನಾನು ಆ ಊರಿನಲ್ಲಿದ್ದಷ್ಟು ಕಾಲ ತಿಮ್ಮನ ಸುದ್ದಿ ಬರಲಿಲ್ಲ. ತೀರ್ಥಹಳ್ಳಿಯಿಂದ ಬಂದ ಮರುದಿನ, ಸೋಮವಾರ ಬೆಳಿಗ್ಗೆ, ದೇವಕ್ಕನ ಅಂಗಡಿಗೆ ಹೋಗಿ, ಅವರು ನೋಡುತ್ತಿರುವಾಗಲೇ ಎಡಗೈಯಲ್ಲಿ ಇಡ್ಲಿ ಮುರಿದೆ. ದೇವಕ್ಕ ಸೌಟು ಎತ್ತಿದರು. ಹೊಡೆತಕ್ಕೆ ಕಣ್ಣು ಮುಚ್ಚಿ ಕಾದೆ. ಬಿದ್ದದ್ದು ಇನ್ನಷ್ಟು ಸಾಂಬಾರು.

ಸ್ವಲ್ಪ ನಿರಾಸೆಯೇ ಆಯಿತು. ಹೊಡೆಸಿಕೊಳ್ಳಬೇಕಾದರೂ ಅಲ್ಲಿ ಯಾರಾದರೊಬ್ಬರ ಮಗನಾಗಿರಬೇಕು ನೋಡಿ.